ಜಗಲಿಯ ಕುರ್ಚಿಯೂ ಪಡುವಣ ಗೋಡೆಯೂ

ಏಪ್ರಿಲ್ ತಿಂಗಳ ಒಂದು ಸಂಜೆ. ಸೂರ್ಯನು ಮುಳುಗಿ ಅರ್ಧ ಗಂಟೆ ಕಳೆದಿತ್ತು. ಬೆಂಗಳೂರಿನ ಬೀದಿಯಲ್ಲಿ ಅಡ್ಡಾಡುತ್ತಿದ್ದವರ ಮುಖದ ಮೇಲೆ ತಂಗಾಳಿ ಬೀಸುತ್ತಿತ್ತು. ಆದರೆ ಎರಡನೆಯ ಅಂತಸ್ತಿನಲ್ಲಿರುವ ನಮ್ಮ ಮನೆಯ ಪಡುವಣ ಬಾಲ್ಕನಿಯಲ್ಲಿ ಕುಳಿತಿದ್ದ ನಮ್ಮ ತಾಯಿಯವರು ಹತ್ತು ನಿಮಿಷವೂ ತುಂಬುವ ಮೊದಲೇ ಎದ್ದು ಒಳಗೆ ಬಂದುಬಿಟ್ಟರು. "ಇಲ್ಲಿ ಕೂತರೆ ಒಲೆ ಮುಂದೆ ಕೂತ ಹಾಗಾಗತ್ತೆ ಕಣಪ್ಪ" ಎಂದರು. ಎಪ್ಪತ್ತೆಂಟು ವರ್ಷದ ಅವರಿಗೆ ಮೆಟ್ಟಿಲಿಳಿದು ಬೀದಿಗೆ ಹೋಗುವುದು ಕಷ್ಟ. ಆಕಾಶವನ್ನೂ ಮರವನ್ನೂ ಹಾದುಹೋಗುವ ಜನರನ್ನೂ ನೋಡಬೇಕಾದರೆ ಅವರಿಗೆ ಉಳಿದಿರುವುದು ಆ ಆರಡಿ ಅಗಲದ ಬಾಲ್ಕನಿಯೊಂದೇ. ಅದೂ ಕೈತಪ್ಪಿದರೆ ದಿನವಿಡೀ ನಾಲ್ಕು ಗೋಡೆಗಳ ನಡುವಿನ ಬಾಳೇ ಸರಿ.

ಉಷ್ಣಮಾಪಕವನ್ನು ತಂದು ಬಾಲ್ಕನಿಯ ನಡುವೆ ದಾರದಿಂದ ತೂಗಹಾಕಿದೆನು. ಹೊರಗಿನ ಗಾಳಿ ಒಳಕೋಣೆಯ ಗಾಳಿಗಿಂತ ಎರಡು ಡಿಗ್ರಿ ತಂಪಾಗಿಯೇ ಇತ್ತು. ಹಾಗಾದರೆ ತಾಯಿಯವರ ಅನುಭವ ಭ್ರಮೆಯೇ? ಅಲ್ಲ. ತಪ್ಪು ನಡೆದದ್ದು ನನ್ನ ಅಳತೆಯಲ್ಲಿ. ಉಷ್ಣಮಾಪಕವು ಅಳೆದದ್ದು ಗಾಳಿಯನ್ನು ಮಾತ್ರ. ಅವರು ಅರಿಯದೆ ಆಡಿದ "ಒಲೆ" ಎಂಬ ಮಾತಿನಲ್ಲಿಯೇ ಸಮಸ್ಯೆಯ ಉತ್ತರ ಅಡಗಿತ್ತು.

ಶರೀರದ ಆಯವ್ಯಯ

ಸುಮ್ಮನೆ ಕುಳಿತ ವಯಸ್ಕ ಮನುಷ್ಯನ ಶರೀರವು ಸುಮಾರು 100 ವ್ಯಾಟ್ ಪ್ರಮಾಣದಲ್ಲಿ ಶಾಖವನ್ನು ಉತ್ಪಾದಿಸುತ್ತಿರುತ್ತದೆ. ಹಳೆಯ ಕಾಲದ ಒಂದು ದೊಡ್ಡ ವಿದ್ಯುದ್ದೀಪವು ಹೊರಹಾಕುತ್ತಿದ್ದಷ್ಟು ಶಾಖವಿದು. ಇದು ಎಡೆಬಿಡದೆ ಹೊರಕ್ಕೆ ಹೋಗುತ್ತಿರಬೇಕು. ಹೋಗದಿದ್ದರೆ ಶರೀರದ ಉಷ್ಣತೆ ಏರತೊಡಗುತ್ತದೆ. ಹೊರಹೋಗಲು ಇರುವ ದಾರಿಗಳು ನಾಲ್ಕು. ಮೈಗೆ ತಗುಲಿದ ವಸ್ತುವಿನ ಮೂಲಕ ಹೋಗುವುದು ವಹನ. ಮೈಯನ್ನು ಸವರಿ ಸಾಗುವ ಗಾಳಿ ಕೊಂಡೊಯ್ಯುವುದು ಸಂವಹನ. ಬೆವರು ಆವಿಯಾಗುವಾಗ ಹೀರಿಕೊಳ್ಳುವುದು ಬಾಷ್ಪೀಭವನದ ದಾರಿ. ನಾಲ್ಕನೆಯದು ಎದುರಿನ ವಸ್ತುವನ್ನು ಮುಟ್ಟದೆಯೇ, ನಡುವಣ ಗಾಳಿಯ ಹಂಗಿಲ್ಲದೆಯೇ ನಡೆಯುವ ವಿಕಿರಣ.

ಒಲೆಯ ಮುಂದೆ ಕುಳಿತವನ ಮುಖ ಕಾಯುವುದು ಈ ನಾಲ್ಕನೆಯ ದಾರಿಯಿಂದ. ಒಲೆಗೂ ಮುಖಕ್ಕೂ ನಡುವೆ ಒಂದು ಮೊರವನ್ನು ಅಡ್ಡ ಹಿಡಿದರೆ ತಕ್ಷಣ ತಂಪೆನಿಸುತ್ತದೆ. ಅಷ್ಟರಲ್ಲಿ ಕೋಣೆಯ ಗಾಳಿಯೇನೂ ತಣ್ಣಗಾಗಿರುವುದಿಲ್ಲ. ಎಲ್ಲ ವಸ್ತುಗಳೂ ವಿಕಿರಣವನ್ನು ಹೊರಸೂಸುತ್ತವೆ, ನಾವು ಕೂಡ. ನಮ್ಮ ಚರ್ಮದ ಉಷ್ಣತೆ ಸುಮಾರು 34 ಡಿಗ್ರಿ ಸೆಲ್ಸಿಯಸ್. ಎದುರಿನ ಗೋಡೆ ಅದಕ್ಕಿಂತ ತಂಪಾಗಿದ್ದರೆ ಕೊಟ್ಟದ್ದು ಹೆಚ್ಚು, ಪಡೆದದ್ದು ಕಡಿಮೆ, ಮೈ ಹಗುರವೆನಿಸುತ್ತದೆ. ಗೋಡೆ ಬಿಸಿಯಾಗಿದ್ದರೆ ಲೆಕ್ಕ ತಿರುಗಿ ನಿಲ್ಲುತ್ತದೆ.

ಈ ಲೆಕ್ಕವನ್ನು ಅಂಕಿಗಳಲ್ಲಿ ನೋಡೋಣ. ಕೆಲ್ವಿನ್ ಮಾನದಲ್ಲಿ ಅಳೆದ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ವಿಕಿರಣ ಹೆಚ್ಚುತ್ತದೆ ಎಂಬುದು ಸ್ಟೆಫಾನ್–ಬೋಲ್ಟ್ಸ್‌ಮನ್ ನಿಯಮ. ಅದರಂತೆ ಪೂರ್ಣ ವಿಕಿರಕವಾದ ಒಂದು ಚದರ ಮೀಟರ್ ಮೈ 30 ಡಿಗ್ರಿಯಲ್ಲಿ ಸುಮಾರು 480 ವ್ಯಾಟ್‌ಗಳನ್ನು ಹೊರಸೂಸಿದರೆ, 45 ಡಿಗ್ರಿಯಲ್ಲಿ ಸುಮಾರು 580 ವ್ಯಾಟ್‌ಗಳನ್ನು ಸೂಸುತ್ತದೆ. ಗಾರೆಯ ಗೋಡೆ ಇದಕ್ಕಿಂತ ತುಸು ಕಡಿಮೆ ಸೂಸಿದರೂ ಪೂರ್ಣ ವಿಕಿರಕಕ್ಕೆ ಬಹಳ ಸಮೀಪದ್ದೇ. ಅಂದರೆ ಮಧ್ಯಾಹ್ನವೆಲ್ಲ ಬಿಸಿಲುಂಡ ಗೋಡೆಯ ಒಂದೊಂದು ಚದರ ಮೀಟರೂ ತಂಪು ಗೋಡೆಗಿಂತ ಹೆಚ್ಚಾಗಿ ಸೂಸುವ ಶಾಖವು ಒಬ್ಬ ಮನುಷ್ಯನ ಶರೀರವು ಉತ್ಪಾದಿಸುವ ಶಾಖಕ್ಕೆ ಹೆಚ್ಚುಕಡಿಮೆ ಸಮ! ಅದೆಲ್ಲವೂ ಕುಳಿತವರ ಮೇಲೆಯೇ ಬೀಳುವುದಿಲ್ಲವೆಂಬುದೇನೋ ನಿಜ. ಆದರೆ ಗೋಡೆಗೆ ಬೆನ್ನು ಹಚ್ಚಿದಂತೆ ಕುರ್ಚಿಯನ್ನಿಟ್ಟು ಕುಳಿತರೆ ಶರೀರದ ಅರ್ಧಭಾಗ ನೋಡುವುದು ಆ ಗೋಡೆಯನ್ನೇ. ನಾವು ತಾಯಿಯವರ ಕುರ್ಚಿಯನ್ನು ಇಟ್ಟಿದ್ದುದು ನಿಖರವಾಗಿ ಅಲ್ಲಿಯೇ.

ಇಟ್ಟಿಗೆ, ಗಾರೆ, ಕಾಂಕ್ರೀಟುಗಳು ನಿಧಾನಪ್ರವೃತ್ತಿಯ ವಸ್ತುಗಳು. ಮಧ್ಯಾಹ್ನ ಹೀರಿದ ಶಾಖವನ್ನು ಸೂರ್ಯನು ಮುಳುಗಿದ ಮೇಲೂ ಹಲವು ಗಂಟೆಗಳ ಕಾಲ ತೀರಿಸುತ್ತ ಇರುತ್ತವೆ. ವೃದ್ಧರ ವಿಷಯದಲ್ಲಿ ಇನ್ನೊಂದು ತೊಡಕುಂಟು. ವಯಸ್ಸಾದಂತೆ ಬೆವರುವ ಶಕ್ತಿ ಕುಂದುತ್ತದೆ, ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ಸೆಕೆಯಲ್ಲಿ ನಮಗೆ ಬರಿಯ ಕಿರಿಕಿರಿಯಾಗಿ ತೋರುವುದು ಅವರಿಗೆ ಅಪಾಯವೇ ಆಗಬಹುದು. ತಾಯಿಯವರು ಎದ್ದು ಒಳಗೆ ಬಂದದ್ದು ವಿವೇಕದ ಕೆಲಸ.

ಸೂರ್ಯನ ಹಾದಿ

ಗೋಡೆ ಕಾಯದಂತೆ ಮಾಡಬೇಕಾದರೆ ಬಿಸಿಲು ಎಲ್ಲಿಂದ, ಯಾವಾಗ, ಎಷ್ಟು ಓರೆಯಾಗಿ ಬರುತ್ತದೆಂಬುದು ತಿಳಿಯಬೇಕು. ಬೆಂಗಳೂರು, ಮಂಗಳೂರುಗಳೆರಡೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಇಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ನಡುಹಗಲಿನ ಸೂರ್ಯನು ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುತ್ತಾನೆ. ಆ ದಿನ ನೆಲದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ನೋಡಬಯಸುವ ವಿದ್ಯಾರ್ಥಿಗಳು ಗಡಿಯಾರದ ಹನ್ನೆರಡು ಗಂಟೆಯನ್ನು ನಂಬಿ ಕೂಡಬಾರದು. ನಮ್ಮ ಗಡಿಯಾರಗಳು 82½ ಡಿಗ್ರಿ ಪೂರ್ವ ರೇಖಾಂಶದ ಕಾಲವನ್ನು ತೋರಿಸುತ್ತವೆ. ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿರುವುದರಿಂದ ಇಲ್ಲಿ ನಿಜವಾದ ನಡುಹಗಲು ಆಗುವುದು ಸುಮಾರು ಇಪ್ಪತ್ತು ನಿಮಿಷ ತಡವಾಗಿ.

ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯನು ನಮ್ಮ ಉತ್ತರಕ್ಕಿರುತ್ತಾನೆ. ಜೂನ್ 21ರ ಹೊತ್ತಿಗೆ ಅವನು ಮುಳುಗುವುದು ನೇರ ಪಶ್ಚಿಮದಲ್ಲಲ್ಲ, ಅದಕ್ಕಿಂತ 24 ಡಿಗ್ರಿ ಉತ್ತರಕ್ಕೆ. ಆದ್ದರಿಂದ "ಬಡಗಣ ಜಗಲಿಗೆ ಬಿಸಿಲೇ ಇಲ್ಲ" ಎಂದು ಹೇಳಿ ಮನೆ ಮಾರುವವರ ಮಾತನ್ನು ಮೇ ತಿಂಗಳ ಸಂಜೆ ಹೋಗಿ ಪರೀಕ್ಷಿಸುವುದು ಒಳ್ಳೆಯದು.

ತೆಂಕಣ ಜಗಲಿಯ ಸಂಗತಿ ಬಲು ಸುಲಭ. ಡಿಸೆಂಬರಿನ ನಡುಹಗಲಿನಲ್ಲಿಯೂ ಸೂರ್ಯನು ಇಲ್ಲಿ 53½ ಡಿಗ್ರಿ ಎತ್ತರದಲ್ಲಿರುವುದರಿಂದ ಒಂದು ಮೀಟರ್ ಮುಂಚಾಚಿದ ಸೂರು ತನ್ನ ಕೆಳಗೆ 1.36 ಮೀಟರಿನಷ್ಟು ಗೋಡೆಗೆ ನೆರಳು ಕೊಡುತ್ತದೆ. ಬಿಸಿಲು ಬೀಳುವುದು ಕಾಲಿನ ಮೇಲೆ, ತಲೆಯ ಮೇಲಲ್ಲ. ಚಳಿಗಾಲಕ್ಕೆ ಅದು ಹಿತವೇ. ಪಡುವಣ ದಿಕ್ಕಿಗೆ ಮಾತ್ರ ಈ ಉಪಾಯ ಸಾಗದು. ಮಾರ್ಚ್ ಕೊನೆಯ ವಾರದಲ್ಲಿ ಸೌರಕಾಲ ನಾಲ್ಕು ಗಂಟೆಗೆ ಸೂರ್ಯನ ಎತ್ತರ ಸುಮಾರು 30 ಡಿಗ್ರಿ. ಅದೇ ಒಂದು ಮೀಟರಿನ ಸೂರಿನ ನೆರಳು ಆಗ 60 ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಐದು ಗಂಟೆಗಂತೂ ಸೂರು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹೀಗಿರಲು ಪಡುವಣದಲ್ಲಿ ಬೇಕಾದದ್ದು ತೂಗುಬಿಟ್ಟ ಅಡ್ಡತಡೆ: ಬಿದಿರಿನ ಪರದೆ, ಬಳ್ಳಿಯ ಹಂದರ ಅಥವಾ ಮರದ ಜಾಲರಿ. ಬೆಂಗಳೂರಿನ ದಂಡುಪ್ರದೇಶದ ಹಳೆಯ ಬಂಗಲೆಗಳಲ್ಲಿ ಮುಖಮಂಟಪದ ಮೇಲೂ ಕಿಟಕಿಗಳ ಮೇಲೂ ಚೂಪಾದ ಟೋಪಿಯಂತೆ ಮುಂಚಾಚಿದ ಮರದ ಪಟ್ಟಿಗಳ ಹೊದಿಕೆಯನ್ನು ಕೆಲವರಾದರೂ ಕಂಡಿರಬಹುದು. "ಮಂಕಿ ಟಾಪ್" ಎಂಬ ವಿನೋದದ ಹೆಸರಿನ ಆ ರಚನೆ ಅಲಂಕಾರಕ್ಕಷ್ಟೇ ಅಲ್ಲ. ಓರೆ ಬಿಸಿಲನ್ನು ತಡೆದು ಗಾಳಿಯನ್ನು ಒಳಬಿಡುವ ಕೆಲಸವನ್ನೂ ಅದು ಮಾಡುತ್ತದೆ.

ಪರದೆಯನ್ನು ಎಲ್ಲಿ ಕಟ್ಟಬೇಕೆಂಬುದರಲ್ಲಿ ಅನೇಕರು ಎಡವುತ್ತಾರೆ. ಬಾಲ್ಕನಿಯ ಬಾಗಿಲಿಗೆ ಒಳಗಿನಿಂದ ದಪ್ಪ ಪರದೆ ಬಿಟ್ಟರೆ ಕೋಣೆಯೊಳಗಿನ ಬೆಳಕು ಕಡಿಮೆಯಾದೀತೇ ಹೊರತು ಗೋಡೆ ಕಾಯುವುದು ನಿಲ್ಲುವುದಿಲ್ಲ. ಕಟಕಟೆಯ ಹೊರ ಅಂಚಿನಲ್ಲಿ ಬಿದಿರಿನ ಪರದೆ ಇಳಿಬಿಟ್ಟರೆ ಬಿಸಿಲು ಗೋಡೆಯನ್ನೂ ನೆಲವನ್ನೂ ಮುಟ್ಟುವ ಮೊದಲೇ ನಿಲ್ಲುತ್ತದೆ. ಪರದೆ ಬಿಸಿಯಾಗುವುದು ನಿಜ. ಆದರೆ ಅದು ಹಗುರ, ಅದರ ಎರಡು ಮಗ್ಗುಲಿಗೂ ಗಾಳಿ ಹರಿಯುತ್ತದೆ. ಬಿಸಿಲು ಸರಿದ ಕೆಲವೇ ನಿಮಿಷಗಳಲ್ಲಿ ತಣ್ಣಗಾಗಿಬಿಡುತ್ತದೆ. ನಮ್ಮ ಮನೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಪರದೆಯನ್ನು ಇಳಿಸಿ, ಸೂರ್ಯನು ಮುಳುಗಿದ ಕೂಡಲೆ ಮೇಲೆತ್ತುವ ಪದ್ಧತಿ ಮಾಡಿಕೊಂಡೆವು. ಒಂದು ವಾರ ಕಳೆದ ಮೇಲೆ ಸಂಜೆ ಏಳಕ್ಕೆ ಅಂಗೈಯನ್ನು ಗೋಡೆಗೆ ಇಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತಿತ್ತು.

ಲಾವಂಚದ ತಟ್ಟಿಗೆ ನೀರು ಚಿಮುಕಿಸುವುದು ಇನ್ನೂ ಹಳೆಯ ಉಪಾಯ. ಇದರ ಫಲ ಊರಿನಿಂದ ಊರಿಗೆ ಬೇರೆ. ನೀರು ಆವಿಯಾಗಿ ಗಾಳಿಯನ್ನು ಎಲ್ಲಿಯವರೆಗೆ ತಂಪು ಮಾಡಬಲ್ಲುದೆಂಬುದನ್ನು ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವು ತೋರಿಸುತ್ತದೆ. ಗಾಳಿಯ ಉಷ್ಣತೆ 40 ಡಿಗ್ರಿ, ಸಾಪೇಕ್ಷ ಆರ್ದ್ರತೆ ನೂರಕ್ಕೆ 20 ಇದ್ದಾಗ ಆ ಮಾಪಕ ಸುಮಾರು 22 ಡಿಗ್ರಿಗೆ ಇಳಿಯುತ್ತದೆ. ರಾಯಚೂರು, ಕಲಬುರಗಿಗಳ ಒಣ ಬೇಸಗೆಯಲ್ಲಿ ತಟ್ಟಿ ಅದ್ಭುತವಾಗಿ ಕೆಲಸ ಮಾಡುವುದು ಇದರಿಂದಲೇ. ಕರಾವಳಿಯಲ್ಲಿ 33 ಡಿಗ್ರಿ ಉಷ್ಣತೆಗೆ ನೂರಕ್ಕೆ 75ರ ಆರ್ದ್ರತೆ ಸೇರಿದಾಗ ಅದೇ ಮಾಪಕ 29ರ ಸುಮಾರಿಗೆ ನಿಂತುಬಿಡುತ್ತದೆ. ಅಲ್ಲಿ ತಟ್ಟಿಗೆ ನೀರು ಹಾಕುವುದು ಸೆಕೆಗೆ ಇನ್ನಷ್ಟು ನೀರು ಸೇರಿಸಿದಂತೆಯೇ. ಕರಾವಳಿಯ ಜಗಲಿಗೆ ಬೇಕಾದದ್ದು ಗಾಳಿ. ಹಗಲು ಕಡಲಿನಿಂದ ನೆಲದ ಕಡೆಗೆ, ರಾತ್ರಿ ನೆಲದಿಂದ ಕಡಲಿನ ಕಡೆಗೆ ಬೀಸುವ ಗಾಳಿ ಅಲ್ಲಿಯ ವರ. ಆದರೆ ಗಾಳಿ ಬರುವ ಪಡುವಣದಿಂದಲೇ ಬಿಸಿಲೂ ಬರುತ್ತದೆ. ಎರಡನ್ನೂ ತೂಗಿನೋಡಿದರೆ ಬಟ್ಟೆಯ ಪರದೆಗಿಂತ ಸಂದುಗಳುಳ್ಳ ಜಾಲರಿಯೇ ಮೇಲು.

ಗಾಳಿಯ ವಿಷಯದಲ್ಲಿ ಇನ್ನೊಂದು ಮಾತು. ಒಂದು ಗ್ರಾಮ್ ಬೆವರು ಆವಿಯಾಗುವಾಗ ಸುಮಾರು 2,400 ಜೂಲ್ ಶಾಖವನ್ನು ಒಯ್ಯುತ್ತದೆ. ನಮ್ಮ 100 ವ್ಯಾಟ್‌ಗಳನ್ನು ಬೆವರೊಂದರಿಂದಲೇ ಕಳೆಯಬೇಕಾದರೆ ಗಂಟೆಗೆ 150 ಗ್ರಾಮ್, ಎಂದರೆ ಹೆಚ್ಚುಕಡಿಮೆ ಮುಕ್ಕಾಲು ಲೋಟ ನೀರು ಆವಿಯಾಗಬೇಕು. ಹರಿದು ತೊಟ್ಟಿಕ್ಕಿದ ಬೆವರಿನಿಂದ ಪ್ರಯೋಜನವಿಲ್ಲ; ಅದು ಆವಿಯಾದರೆ ಮಾತ್ರ ತಂಪು, ಆವಿಯಾಗಲು ಗಾಳಿಯಾಡಬೇಕು. ಕುರ್ಚಿಯಲ್ಲಿ ಕುಳಿತವರ ಎದೆ ನೆಲದಿಂದ ಒಂದು ಮೀಟರಿಗಿಂತ ಕೆಳಗಿರುತ್ತದೆ. ಬಾಲ್ಕನಿಯ ಅಡ್ಡಗೋಡೆಯ ಎತ್ತರವೂ ಅಷ್ಟೇ. ಅದು ಇಟ್ಟಿಗೆಯ ಗೋಡೆಯಾಗಿದ್ದರೆ ನಿಂತವರಿಗೆ ಗಾಳಿ, ಕುಳಿತವರಿಗೆ ಸೆಕೆ! ಕಂಬಿಗಳ ಕಟಕಟೆಯಲ್ಲಿ ಈ ದೋಷವಿಲ್ಲ. ಬೆನ್ನ ಹಿಂದಿನ ಬಾಗಿಲನ್ನೂ, ಮನೆಯ ಆಚೆ ಮಗ್ಗುಲಿನ ಒಂದು ಕಿಟಕಿಯನ್ನೂ ತೆರೆದಿಡಬೇಕು. ಹೋಗಲು ದಾರಿಯಿಲ್ಲದ ಕಡೆಗೆ ಗಾಳಿ ಬರುವುದಿಲ್ಲ.

ಕಬ್ಬಿಣ, ಕಲ್ಲು, ಬೆತ್ತ

ನಮ್ಮ ಬಾಲ್ಕನಿಯಲ್ಲಿ ಮೊದಲು ಇದ್ದವು ಕಪ್ಪು ಬಣ್ಣದ ಎರಡು ಕಬ್ಬಿಣದ ಕುರ್ಚಿಗಳು. ನೋಡಲು ಚೆಂದ. ಬಿಸಿಲಿನಲ್ಲಿದ್ದ ಕಬ್ಬಿಣವನ್ನು ಮುಟ್ಟಿದರೆ ಸುಡುತ್ತದೆ; ಪಕ್ಕದಲ್ಲಿಯೇ ಅಷ್ಟೇ ಬಿಸಿಯಾಗಿರುವ ಮರ ಸುಡುವುದಿಲ್ಲ. ಎರಡು ವಸ್ತುಗಳು ಒಂದನ್ನೊಂದು ತಗುಲಿದ ಕ್ಷಣದಲ್ಲಿ ಸೇರುವೆಯ ಉಷ್ಣತೆ ಎಷ್ಟಾಗುತ್ತದೆಂಬುದು ಅವು ಶಾಖವನ್ನು ಎಷ್ಟು ಬೇಗ ಕೊಡಬಲ್ಲವು, ಎಷ್ಟು ಬೇಗ ಹೀರಬಲ್ಲವು ಎಂಬುದನ್ನು ಅವಲಂಬಿಸಿದೆ. ಸ್ಥೂಲವಾಗಿ ಲೆಕ್ಕ ಹಾಕಿದರೆ 50 ಡಿಗ್ರಿಯ ಕಬ್ಬಿಣಕ್ಕೆ 34 ಡಿಗ್ರಿಯ ಚರ್ಮ ತಗುಲಿದಾಗ ಸೇರುವೆ 48 ಡಿಗ್ರಿಯನ್ನು ದಾಟುತ್ತದೆ; ಅಷ್ಟೇ ಬಿಸಿಯ ಮರಕ್ಕೆ ತಗುಲಿದಾಗ 38ರ ಸುಮಾರಿನಲ್ಲಿ ನಿಲ್ಲುತ್ತದೆ. ಚರ್ಮಕ್ಕೆ ನೋವು ತೋರತೊಡಗುವುದು ಸುಮಾರು 43 ಡಿಗ್ರಿಯಲ್ಲಿ. ಕಬ್ಬಿಣ ಸುಟ್ಟಿತು, ಮರ ಸುಡಲಿಲ್ಲ ಎಂಬುದರ ಗುಟ್ಟು ಇಷ್ಟೇ. ಡಿಸೆಂಬರಿನ ಬೆಳಗ್ಗೆ ಇದೇ ಕಬ್ಬಿಣ ಮಂಜುಗಡ್ಡೆಯಂತೆ ಕೊರೆಯುವುದಕ್ಕೂ ಕಾರಣ ಅದೇ. ಕಲ್ಲಿನ ಜಗಲಿ ಇವೆರಡರ ನಡುವಿನದು. ನೆರಳಿನಲ್ಲಿದ್ದರೆ ಬೇಸಗೆಯಲ್ಲಿ ಅದರಷ್ಟು ಹಿತವಾದ ಆಸನ ಇನ್ನೊಂದಿಲ್ಲ. ಅದು ಮೈಯ ಶಾಖವನ್ನು ಸದ್ದಿಲ್ಲದೆ ಹೀರಿಕೊಳ್ಳುತ್ತ ಇರುತ್ತದೆ.

ಬೆತ್ತದ ಮಾತೇ ಬೇರೆ. ಬೆತ್ತವು ತಾಳೆಯ ಕುಲಕ್ಕೆ ಸೇರಿದ ಬಳ್ಳಿ. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಇದರ ಹಲವು ಜಾತಿಗಳಿವೆ. ಬಿದಿರಿನಂತೆ ಒಳಗೆ ಟೊಳ್ಳಲ್ಲ, ತುಂಬು ಕಾಂಡ. ಆದ್ದರಿಂದ ಮುರಿಯದೆ ಬಾಗುತ್ತದೆ. ಬೆತ್ತದ ಹೆಣಿಗೆಯ ಕಣ್ಣುಗಳಲ್ಲಿ ಗಾಳಿ ಆಡುವುದರಿಂದ ಬೆನ್ನೂ ತೊಡೆಗಳೂ ಬೆವರನ್ನು ಆವಿಮಾಡಿಕೊಳ್ಳಬಲ್ಲವು. ದಪ್ಪನೆಯ ರಬ್ಬರು ನೊರೆಯ ಮೆತ್ತೆ ಹಾಕಿದ ಆಸನದಲ್ಲಿ ಈ ಅನುಕೂಲವಿಲ್ಲ. ಹೊರಗಿನ ಜಗಲಿಗೆಂದು ಮಾರುವ ಭಾರಿ ಮೆತ್ತೆಯ ಸೋಫಾಗಳು ಚಳಿದೇಶಗಳಿಗೆ ಸಲ್ಲಬಹುದು. ನಮ್ಮ ಹವೆಗೆ ಅವು ಹೇಳಿಸಿದ್ದಲ್ಲ ಎಂದೇ ನನ್ನ ಎಣಿಕೆ.

ಹಾಗೆಂದು ಮೆತ್ತೆಯೇ ಬೇಡವೆಂದಲ್ಲ. ಕುಳಿತಾಗ ದೇಹಭಾರದ ಬಹುಭಾಗವನ್ನು ಹೊರುವುದು ಆಸನ. ಅರವತ್ತು ಕಿಲೋಗ್ರಾಮ್ ತೂಕದವರಲ್ಲಿ ಮುಕ್ಕಾಲು ಪಾಲು ಆಸನದ ಮೇಲೆ ಬೀಳುತ್ತದೆಂದೂ, ಅದು ಸಾವಿರ ಚದರ ಸೆಂಟಿಮೀಟರಿನ ಮೇಲೆ ಸಮನಾಗಿ ಹರಡಿದೆಯೆಂದೂ ಇಟ್ಟುಕೊಂಡರೂ ಒತ್ತಡ ಪಾದರಸದ 33 ಮಿಲಿಮೀಟರಿನಷ್ಟಾಗುತ್ತದೆ. ಚರ್ಮದ ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡವೂ ಸುಮಾರು ಅಷ್ಟೇ. ಗಟ್ಟಿ ಹಲಗೆಯ ಮೇಲೆ ಭಾರವೆಲ್ಲ ಕೂರುಮೂಳೆಗಳ ಎರಡು ಗುಬಟುಗಳ ಸುತ್ತ ಕೂಡಿ, ಅಲ್ಲಿ ಒತ್ತಡ ಇದರ ಹಲವು ಪಟ್ಟಾಗುತ್ತದೆ, ರಕ್ತಸಂಚಾರ ತಡೆಯುತ್ತದೆ. ತರಗತಿಯ ಬೆಂಚಿನ ಮೇಲೆ ವಿದ್ಯಾರ್ಥಿಗಳು ಮಿಸುಕಾಡುವುದನ್ನು ಉಪಾಧ್ಯಾಯರು ಚೇಷ್ಟೆಯೆಂದು ಗದರಿಸುವುದುಂಟು. ವಾಸ್ತವವಾಗಿ ಅದು ರಕ್ತನಾಳಗಳು ಸಲ್ಲಿಸುವ ಅರ್ಜಿ. ಒಂದಂಗುಲ ದಪ್ಪದ ಹತ್ತಿಯ ಮೆತ್ತೆ, ಇಲ್ಲವೆ ಮೈಯ ಆಕಾರಕ್ಕೆ ತಕ್ಕಂತೆ ಜಗ್ಗುವ ದಪ್ಪ ಬಟ್ಟೆಯ ಆಸನ ಸಾಕಾಗುತ್ತದೆ.

ಬೆನ್ನಿನ ಬಾಗು

ಬೆನ್ನುಮೂಳೆಯ ಸೊಂಟದ ಭಾಗ ಸಹಜವಾಗಿ ಮುಂದಕ್ಕೆ ಬಾಗಿರುತ್ತದೆ. 1953ರಲ್ಲಿ ಅಮೆರಿಕೆಯ ವೈದ್ಯ ಕೀಗನ್ ಎಂಬವರು ಬೇರೆ ಬೇರೆ ಭಂಗಿಗಳಲ್ಲಿ ಕ್ಷಕಿರಣ ಚಿತ್ರಗಳನ್ನು ತೆಗೆದು, ತೊಡೆಗೂ ಮುಂಡಕ್ಕೂ ನಡುವೆ ಸುಮಾರು 135 ಡಿಗ್ರಿ ಕೋನವಿದ್ದಾಗ ಈ ಬಾಗು ತನ್ನ ಸಹಜ ಸ್ಥಿತಿಯಲ್ಲಿರುತ್ತದೆಂದು ತೋರಿಸಿದರು. ಶಾಲೆಯಲ್ಲಿ ನಮಗೆ ಕಲಿಸಿದಂತೆ 90 ಡಿಗ್ರಿಯಲ್ಲಿ ನೆಟ್ಟಗೆ ಕುಳಿತರೆ ತೊಡೆಯ ಹಿಂಬದಿಯ ಸ್ನಾಯುಗಳು ಸೊಂಟದ ಎಲುಬನ್ನು ಹಿಂದಕ್ಕೆ ಎಳೆದು ಬಾಗನ್ನು ಚಪ್ಪಟೆ ಮಾಡುತ್ತವೆ.

ಸ್ವೀಡನ್ನಿನ ನಾಖೆಮ್ಸನ್ ಎಂಬ ಮೂಳೆವೈದ್ಯರು 1960ರ ದಶಕದಲ್ಲಿ ಇನ್ನೂ ಸಾಹಸದ ಕೆಲಸಕ್ಕೆ ಕೈಹಾಕಿದರು. ಬೆನ್ನುಮೂಳೆಯ ಮಣಿಗಳ ನಡುವಣ ಮೆತ್ತೆಯೊಳಕ್ಕೆ ಸೂಜಿಯನ್ನು ಇಳಿಸಿ, ಜೀವಂತ ಮನುಷ್ಯರಲ್ಲಿಯೇ ಒತ್ತಡವನ್ನು ಅಳೆದರು. ಒರಗದೆ ಕುಳಿತಾಗಿನ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚೆಂದು ಅವರ ಅಳತೆಗಳು ಹೇಳಿದವು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಅವರ ಸಂಗಡಿಗರು ಹೊಸ ಉಪಕರಣದಿಂದ ಮತ್ತೆ ಅಳೆದಾಗ ಸಂಗತಿ ಸ್ವಲ್ಪ ಬದಲಾಯಿತು: ನಿಂತಾಗ 0.5 ಮೆಗಾಪಾಸ್ಕಲ್, ಒರಗದೆ ಕುಳಿತಾಗ 0.46, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಹಾಯಾಗಿ ಜಾರಿ ಕುಳಿತಾಗ ಸುಮಾರು 0.3. ಈ ಎರಡನೆಯ ಪ್ರಯೋಗಕ್ಕೆ ಬೆನ್ನು ಒಡ್ಡಿದವರು ಒಬ್ಬರೇ ಒಬ್ಬರು, ಅವರೂ ಮೂಳೆವೈದ್ಯರೇ! ಒಬ್ಬರ ಬೆನ್ನಿನಿಂದ ಜಗತ್ತಿನ ಬೆನ್ನುಗಳನ್ನೆಲ್ಲ ಅಳೆಯಲಾಗದು. ಆದರೆ ಹಿಂದಕ್ಕೆ ಒರಗಿದರೆ ಬೆನ್ನಿನ ಹೊರೆ ಇಳಿಯುತ್ತದೆ ಎಂಬಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಒರಗಿದಾಗ ಮುಂಡದ ಭಾರದ ಒಂದು ಪಾಲನ್ನು ಕುರ್ಚಿಯ ಬೆನ್ನು ಹೊತ್ತುಕೊಳ್ಳುವುದೇ ಇದಕ್ಕೆ ಕಾರಣ.

ಕೊಡಗು, ಚಿಕ್ಕಮಗಳೂರುಗಳ ಕಾಫಿತೋಟದ ಬಂಗಲೆಗಳ ಜಗಲಿಯಲ್ಲಿ ಉದ್ದ ತೋಳಿನ ಆರಾಮಕುರ್ಚಿಯನ್ನು ಕಾಣಬಹುದು. ಅದರ ತೋಳುಗಳು ಮುಂದಕ್ಕೆ ಚಾಚಿರುತ್ತವೆ, ಕಾಲುಗಳನ್ನು ಅವುಗಳ ಮೇಲಿಡಬಹುದು. ಬೆನ್ನಿಗೆ ಒರಗು, ಹೆಣೆದ ಬೆತ್ತದಲ್ಲಿ ಗಾಳಿ, ಕಾಲಿನ ರಕ್ತ ಹೃದಯಕ್ಕೆ ಮರಳಲು ಸರಾಗ: ದಣಿದು ಬಂದವನಿಗೆ ಇದಕ್ಕಿಂತ ಬೇರೆ ಸುಖವಿಲ್ಲ. ನಾನೂ ತಾಯಿಯವರಿಗೆ ಅಂಥದೊಂದನ್ನು ತಂದೆನು. ಅವರು ಕುಳಿತರು, ಸಂತೋಷಪಟ್ಟರು. ಆದರೆ ಏಳಲಾರದೆ ಹೋದರು.

ಏಳುವುದು ಒಂದು ಯಂತ್ರಶಾಸ್ತ್ರದ ಸಮಸ್ಯೆ. ಏಳಬೇಕಾದರೆ ಶರೀರದ ಗುರುತ್ವಕೇಂದ್ರವು ಪಾದಗಳ ಮೇಲಕ್ಕೆ ಬರಬೇಕು. ಆಸನ ತಗ್ಗಾಗಿದ್ದಷ್ಟೂ, ಹಿಂದಕ್ಕೆ ಇಳಿಜಾರಾಗಿದ್ದಷ್ಟೂ ಆ ಕೇಂದ್ರ ಪಾದಗಳಿಂದ ಹಿಂದೆ, ಕೆಳಗೆ ಉಳಿಯುತ್ತದೆ. ಮಂಡಿ ಮತ್ತು ಸೊಂಟದ ಸ್ನಾಯುಗಳು ಅಷ್ಟು ಹೆಚ್ಚು ದುಡಿಯಬೇಕಾಗುತ್ತದೆ. ವೃದ್ಧರು ಬೀಳುವುದು ಅನೇಕ ವೇಳೆ ಹೀಗೆ ಎದ್ದೇಳುವ ಗಳಿಗೆಯಲ್ಲಿಯೇ. ಆದ್ದರಿಂದ ಅವರ ಆಸನ ಮಂಡಿಯ ಮಡಿಕೆಯಷ್ಟು ಎತ್ತರಕ್ಕಿರಬೇಕು, ತುಸು ಹೆಚ್ಚಾದರೂ ಚಿಂತೆಯಿಲ್ಲ. ಕೈಯೂರಿ ಏಳಲು ಗಟ್ಟಿಯಾದ ತೋಳುಗಳಿರಬೇಕು. ಪಾದಗಳನ್ನು ಹಿಂದಕ್ಕೆ ಎಳೆದುಕೊಳ್ಳಲು ಆಸನದ ಕೆಳಗೆ ಬಿಡುವಿರಬೇಕು. ಒರಗಿ ಕುಳಿತಾಗ ಆಸನದ ಮುಂದಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಬೆರಳು ಆಡಬೇಕು. ಆಡದಿದ್ದರೆ ಆಸನ ಅತಿ ಆಳವೆಂದು ಅರ್ಥ. ಕೊನೆಗೆ ನಾವು ನೆಚ್ಚಿದ್ದು ಸಾಧಾರಣವಾದ ಬೆತ್ತದ ತೋಳುಕುರ್ಚಿಯನ್ನೂ, ಕಾಲಿಗೆ ಒಂದು ಮಣೆಯನ್ನೂ. ಬೆನ್ನು ನೆಟ್ಟನೆಯ ಗೆರೆಯಿಂದ ಇಪ್ಪತ್ತು ಡಿಗ್ರಿಯಷ್ಟು ಹಿಂದಕ್ಕೆ ವಾಲಿದೆ. 135 ಡಿಗ್ರಿಯ ಆದರ್ಶವನ್ನು ಅದು ಮುಟ್ಟದು; ಏಳುವ ಅನುಕೂಲಕ್ಕಾಗಿ ಅಷ್ಟನ್ನು ಬಿಟ್ಟುಕೊಟ್ಟೆವು.

ಕುರ್ಚಿಯನ್ನು ಈಗ ಗೋಡೆಯಿಂದ ಈಚೆಗೆ ತಂದು, ತೆರೆದ ಬಾಗಿಲಿನ ಎದುರಿಗೆ ಓರೆಯಾಗಿ ಇಟ್ಟಿದ್ದೇವೆ. ಕಟಕಟೆಗೆ ತಾಗಿಸಿ ಇಟ್ಟಿಲ್ಲ. ಮನೆಗೆ ಬರುವ ಮೊಮ್ಮಕ್ಕಳಿಗೆ ಕಟಕಟೆಯ ಪಕ್ಕದ ಕುರ್ಚಿ ಏಣಿಯಾಗಿಬಿಡುತ್ತದೆ. ಈ ವಿಷಯದಲ್ಲಿ ಎಷ್ಟು ಎಚ್ಚರವಿದ್ದರೂ ಸಾಲದು. ಹೂಕುಂಡಗಳ ಕೆಳಗಿನ ತಟ್ಟೆಗಳನ್ನೂ ತೆಗೆದಿಟ್ಟೆವು. ಡೆಂಗೆಯನ್ನು ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಅದು ಕಚ್ಚುವುದು ರಾತ್ರಿಯಲ್ಲಲ್ಲ, ಬೆಳಗಿನಲ್ಲಿಯೂ ಇಳಿಹೊತ್ತಿನಲ್ಲಿಯೂ, ಎಂದರೆ ಜಗಲಿಯಲ್ಲಿ ಕೂರುವ ಹೊತ್ತಿಗೇ. ಕಾಲ ಬಳಿ ಒಂದು ಸಣ್ಣ ಬೀಸಣಿಗೆ ತಿರುಗುತ್ತಿದ್ದರೆ ದುರ್ಬಲ ರೆಕ್ಕೆಯ ಆ ಜೀವಿಗೆ ಹತ್ತಿರ ಸುಳಿಯುವುದು ಕಷ್ಟವಾಗುತ್ತದೆ.

ರಾತ್ರಿ ಎಂಟು ಗಂಟೆಯ ಅನಂತರ ಇನ್ನೊಂದು ಸೊಗಸುಂಟು. ಪರದೆ ಎತ್ತಿದ ಮೇಲೆ ಕುಳಿತವರ ಮುಖ ನೋಡುವುದು ಆಕಾಶವನ್ನು. ಮೋಡವಿಲ್ಲದ ಆಕಾಶವು ವಿಕಿರಣದ ದೃಷ್ಟಿಯಿಂದ ನೆಲದ ಬಳಿಯ ಗಾಳಿಗಿಂತ ಬಹಳ ತಂಪಾದ ವಸ್ತು. ನಮ್ಮ ಶಾಖ ಅತ್ತ ಸರಾಗವಾಗಿ ಹೋಗುತ್ತದೆ, ಅತ್ತಣಿಂದ ಬರುವುದು ಸ್ವಲ್ಪ. ಚಳಿಗಾಲದಲ್ಲಿ ತಾರಸಿಯ ಮೇಲೆ ಬಿಟ್ಟ ಕುರ್ಚಿಯ ಮೇಲೆ ಇಬ್ಬನಿ ಕೂಡುವುದೂ, ಸೂರಿನ ಕೆಳಗಿಟ್ಟ ಕುರ್ಚಿ ಒಣಗಿರುವುದೂ ಇದರಿಂದಲೇ. ತಾಯಿಯವರು ಈಗ ಒಂಬತ್ತರವರೆಗೂ ಅಲ್ಲಿಯೇ ಇರುತ್ತಾರೆ, ಊಟಕ್ಕೆ ಎರಡು ಸಲ ಕರೆಯಬೇಕಾಗುತ್ತದೆ. ಗೋಡೆಗೆ ಸುಣ್ಣ ಹೊಡೆಸಬೇಕೆಂದಿದ್ದೇನೆ. ಬಿಳಿಯ ಮೈ ಬಿಸಿಲನ್ನು ಹೀರುವುದು ಕಡಿಮೆ. ಮುಂದಿನ ಏಪ್ರಿಲ್‌ನಲ್ಲಿ ಅಂಗೈಯನ್ನು ನಂಬದೆ ಉಷ್ಣಮಾಪಕವನ್ನು ಗೋಡೆಗೇ ಒತ್ತಿ ಹಿಡಿದು ನೋಡಬೇಕು.